ನೋಯುವ ಬೆನ್ನು, ಕಲಿಯುವ ಕೈ

'ತನ್ನ ಬೆನ್ನು ತನಗೆ ಕಾಣದು' ಎಂಬ ಗಾದೆಯನ್ನು ನಾವು ಪರರ ದೋಷಗಳನ್ನು ಎಣಿಸುವವರ ಬಾಯಿ ಮುಚ್ಚಿಸಲು ಬಳಸುತ್ತೇವೆ. ಅದರ ನೀತಿಯನ್ನು ಬದಿಗಿಟ್ಟು ಅಕ್ಷರಾರ್ಥವನ್ನೇ ಹಿಡಿದರೂ ಅದು ಎಷ್ಟು ಸತ್ಯವಾದ ಮಾತು! ಮನುಷ್ಯನ ದೇಹದಲ್ಲಿ ಅವನ ಕಣ್ಣಿಗೆ ಕಾಣದ, ಅವನ ಕೈಗೆ ಸರಿಯಾಗಿ ಎಟುಕದ ವಿಸ್ತಾರವಾದ ಪ್ರದೇಶವೆಂದರೆ ಬೆನ್ನು. ಅಲ್ಲಿ ನೋವು ಹುಟ್ಟಿದರೆ ನೋಡಲು ಇನ್ನೊಬ್ಬರ ಕಣ್ಣು ಬೇಕು. ಮುಟ್ಟಲು ಇನ್ನೊಬ್ಬರ ಕೈ ಬೇಕು. ಕನ್ನಡ ಭಾಷೆ ಇದನ್ನು ಬಹು ಹಿಂದೆಯೇ ಗಮನಿಸಿದಂತಿದೆ. ಬೆನ್ನಿಗೆ ನಿಂತವನ ಬಲವೇ ಬೆಂಬಲ. ಮೆಚ್ಚಿದವರು ಬೆನ್ನು ತಟ್ಟುತ್ತಾರೆ; ಹೇಡಿ ಬೆನ್ನು ತೋರಿಸುತ್ತಾನೆ; ಸಾಲ ಕೊಟ್ಟವನು ಬೆನ್ನು ಹತ್ತುತ್ತಾನೆ. ಒಂಟಿಯಾಗಿ ಬೆನ್ನಿಗೆ ಅರ್ಥವೇ ಇಲ್ಲವೋ ಎಂಬಂತೆ ಈ ಎಲ್ಲ ನುಡಿಗಟ್ಟುಗಳಲ್ಲಿಯೂ ಎರಡನೆಯ ವ್ಯಕ್ತಿಯೊಬ್ಬ ಹಿಂದೆ ನಿಂತೇ ಇರುತ್ತಾನೆ.

ಭಾಗವತದ ದಶಮಸ್ಕಂಧದಲ್ಲಿ ಕುಬ್ಜೆಯ ಪ್ರಸಂಗ ಬರುತ್ತದೆ. ಕಂಸನ ಅರಮನೆಗೆ ಅನುಲೇಪನವನ್ನು ಒಯ್ಯುತ್ತಿದ್ದ, ಮೂರು ಕಡೆ ಡೊಂಕಾದ ಮೈಯ ಹೆಣ್ಣು ಅವಳು. ಮಥುರೆಯ ಬೀದಿಯಲ್ಲಿ ಕೃಷ್ಣನು ತನ್ನ ಪಾದದಿಂದ ಅವಳ ಪಾದಗಳ ಮುಂಭಾಗವನ್ನು ಒತ್ತಿ ಹಿಡಿದು, ಎರಡು ಬೆರಳುಗಳನ್ನು ಗಲ್ಲದ ಕೆಳಗಿಟ್ಟು ಮೇಲಕ್ಕೆತ್ತುತ್ತಾನೆ. ಅವಳು ನೆಟ್ಟಗೆ ನಿಲ್ಲುತ್ತಾಳೆ. ಕೆಳಗೆ ಹಿಡಿತ, ಮೇಲೆ ಎಳೆತ, ಒಂದು ಕ್ಷಣದ ಚಲನೆ: ಪುರಾಣಕಾರನು ಆ ಕೈಚಳಕವನ್ನು ಎಷ್ಟು ವಿವರವಾಗಿ ಕಂಡಿದ್ದಾನೆ ಎಂದು ನನಗೆ ಪ್ರತಿ ಸಲ ಆಶ್ಚರ್ಯವಾಗುತ್ತದೆ. ಆದರೆ ಅದು ದೇವರ ಕೈ. ಒಂದು ಸಲ ಮುಟ್ಟಿದರೆ ಸಾಕು. ಕುಬ್ಜೆ ಮುಂದಿನ ವಾರ ಮತ್ತೆ ಬಂದು 'ಸ್ವಾಮಿ, ಪುನಃ ನೋವು ಶುರುವಾಗಿದೆ' ಎನ್ನುವುದಿಲ್ಲ. ಮನುಷ್ಯನ ಕೈಗೆ ಒಪ್ಪಿಸಿದ ಬೆನ್ನು ಹಾಗೆ ಹೇಳಿಯೇ ಹೇಳುತ್ತದೆ. ಬೆನ್ನಿಗೆ ಕೈಯಿಂದಲೇ ಚಿಕಿತ್ಸೆ ಮಾಡುವ ವೃತ್ತಿಯೊಂದು ಅಮೆರಿಕದಲ್ಲಿ ಹುಟ್ಟಿ ಸುಮಾರು ನೂರಮೂವತ್ತು ವರ್ಷಗಳಾದವು. ಆ ವೃತ್ತಿಯನ್ನು ಹಿಡಿದವರು ತಮ್ಮ ಮೊದಲ ದಿನಗಳಲ್ಲಿ ಏನನ್ನು ಕಂಡರು, ವರ್ಷಗಟ್ಟಲೆ ನೋಯುವ ಬೆನ್ನು ಅವರಿಗೆ ಏನನ್ನು ಕಲಿಸಿತು ಎಂಬುದು ಇಂದಿನ ಮಾತಿನ ವಿಷಯ.

ಆ ವೃತ್ತಿಯ ಹೆಸರು ಕೈರೊಪ್ರ್ಯಾಕ್ಟಿಕ್. ಕೇಳಿದೊಡನೆ ಕನ್ನಡದ ಕಿವಿಗೆ ಮೊದಲು ಬೀಳುವುದು 'ಕೈ'. ಅರ್ಥವೂ ಅದೇ, ಆದರೆ ಇದು ಬರಿಯ ಕಾಕತಾಳೀಯ. ಗ್ರೀಕ್ ಭಾಷೆಯಲ್ಲಿ 'ಖೈರ್' ಎಂದರೆ ಕೈ. 'ಪ್ರಾಕ್ಸಿಸ್' ಎಂದರೆ ಕ್ರಿಯೆ. ಶಬ್ದಸಾಮ್ಯವನ್ನು ಕಂಡೊಡನೆ ಭಾಷಾಬಾಂಧವ್ಯವನ್ನು ಕಲ್ಪಿಸಿಬಿಡುವ ಉತ್ಸಾಹಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಈ ಉದಾಹರಣೆ ಅವರ ಕಣ್ಣಿಗೆ ಬೀಳದಿರಲಿ. ಹೆಸರನ್ನು ಕೊಟ್ಟವನು ಸ್ಯಾಮ್ಯುಯೆಲ್ ವೀಡ್ ಎಂಬ ಕ್ರೈಸ್ತ ಪಾದ್ರಿ. ಅವನು ಈ ಚಿಕಿತ್ಸೆಯನ್ನು ಪಡೆದ ಮೊದಲ ರೋಗಿಗಳಲ್ಲೊಬ್ಬ, ಗ್ರೀಕ್ ಬಲ್ಲವನು. ವೈದ್ಯನಿಗೆ ಹಣ ಕೊಟ್ಟ ರೋಗಿಗಳು ಅನೇಕರು. ವೈದ್ಯಪದ್ಧತಿಗೆ ಹೆಸರನ್ನೇ ಕೊಟ್ಟ ರೋಗಿ ವಿರಳ.

ವೈದ್ಯನ ಹೆಸರು ಡೇನಿಯಲ್ ಡೇವಿಡ್ ಪಾಮರ್. ನಮ್ಮಲ್ಲಿ ಪಂಡಿತನಿಗೆ ಎದುರಾಗಿ ನಿಲ್ಲುವವನು ಪಾಮರ. ಈ ಪಾಮರನ ಜೀವನವೂ ಕೊನೆಯವರೆಗೆ ಪಂಡಿತರೊಡನೆ ಕಾದಾಡುವುದರಲ್ಲೇ ಕಳೆಯಿತು. 1845ರಲ್ಲಿ ಕೆನಡಾದ ಟೊರಾಂಟೊ ಸಮೀಪದಲ್ಲಿ ಹುಟ್ಟಿ, 1865ರಲ್ಲಿ ಅಮೆರಿಕಕ್ಕೆ ಬಂದವನು. ಶಾಲೆಯಲ್ಲಿ ಪಾಠ ಹೇಳಿದ, ಜೇನು ಸಾಕಿದ, ದಿನಸಿ ಅಂಗಡಿ ನಡೆಸಿದ. ಆಮೇಲೆ ಅಯೊವಾ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲಿರುವ ಡಾವನ್‌ಪೋರ್ಟ್ ಎಂಬ ಊರಿನಲ್ಲಿ 'ಕಾಂತಚಿಕಿತ್ಸಕ'ನಾಗಿ ನೆಲಸಿದ. ವೈದ್ಯನ ಕೈಯಿಂದ ಯಾವುದೋ ಪ್ರಾಣಶಕ್ತಿ ಹರಿದು ರೋಗಿಯ ಮೈ ಸೇರುತ್ತದೆ ಎಂಬುದು ಆ ಕಾಲದಲ್ಲಿ ಬಹುಜನರ ನಂಬಿಕೆಯಾಗಿತ್ತು. ವೈದ್ಯಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ. ಆದರೆ ಪುಸ್ತಕಗಳನ್ನು ಹಸಿದವನಂತೆ ಓದುತ್ತಿದ್ದ.

1895ನೆಯ ಸೆಪ್ಟೆಂಬರ್ 18ರಂದು ನಡೆದುದೆಂದು ಪಾಮರ್ ಬರೆದಿಟ್ಟ ಘಟನೆ ಆ ವೃತ್ತಿಯ ಆದಿಪರ್ವ. ಅವನ ಕೋಣೆಯಿದ್ದ ಕಟ್ಟಡವನ್ನು ಚೊಕ್ಕಟವಾಗಿಡುವ ಕೆಲಸವನ್ನು ನೋಡಿಕೊಳ್ಳುತ್ತಿದ್ದವನು ಹಾರ್ವಿ ಲಿಲ್ಲರ್ಡ್ ಎಂಬ ಕರಿಯ ಜನಾಂಗದವನು. ಹದಿನೇಳು ವರ್ಷಗಳಿಂದ ಅವನಿಗೆ ಕಿವಿ ಕೇಳಿಸದು; ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೂಡ ತಿಳಿಯದು. ಒಂದು ದಿನ ಬಗ್ಗಿ ಕೆಲಸ ಮಾಡುತ್ತಿದ್ದಾಗ ಬೆನ್ನಿನಲ್ಲಿ ಏನೋ ಜರುಗಿದಂತಾಯಿತು, ಅಂದಿನಿಂದ ಕಿವುಡಾದೆ ಎಂದು ಅವನು ಹೇಳಿದನಂತೆ. ಪಾಮರ್ ಬೆನ್ನನ್ನು ತಡವಿ ನೋಡಿದ, ಒಂದು ಮಣಿ ಉಬ್ಬಿದ್ದಂತೆ ತೋರಿತು, ಅದನ್ನು ಒತ್ತಿದ, ಕಿವಿ ಕೇಳಿಸಿತು. ಇದು ಪಾಮರ್ ಹೇಳಿದ ಕಥೆ. ಲಿಲ್ಲರ್ಡನ ಮಗಳು ಮುಂದೆ ಹೇಳಿದ ಕಥೆ ಇನ್ನೊಂದು. ಅವಳ ತಂದೆ ಹಜಾರದಲ್ಲಿ ಗೆಳೆಯನಿಗೆ ನಗೆಚಟಾಕಿಯನ್ನು ಹೇಳುತ್ತಿದ್ದ; ಓದುತ್ತಿದ್ದ ಪಾಮರ್ ಪುಸ್ತಕವನ್ನು ಹಿಡಿದುಕೊಂಡೇ ಬಂದು ಕೇಳಿ, ಗಹಗಹಿಸಿ ನಕ್ಕು, ಆ ದಪ್ಪ ಪುಸ್ತಕವಿದ್ದ ಕೈಯಿಂದಲೇ ಅವನ ಬೆನ್ನಿಗೊಂದು ಗುದ್ದು ಕೊಟ್ಟ; ಕೆಲವು ದಿನಗಳ ಮೇಲೆ ಲಿಲ್ಲರ್ಡ್ ಬಂದು 'ಈಗ ಸ್ವಲ್ಪ ಚೆನ್ನಾಗಿ ಕೇಳಿಸುತ್ತಿದೆ' ಎಂದ.

ಯಾವ ಪಾಠವನ್ನು ಸ್ವೀಕರಿಸಬೇಕು? ಗ್ರಂಥಸಂಪಾದನೆಯ ಶಿಸ್ತಿಗೆ ಒಗ್ಗಿದವನಾದ ನನಗೆ ಎರಡನೆಯ ಪಾಠದ ಕಡೆಗೇ ಒಲವು. ಮೊದಲನೆಯದರಲ್ಲಿ ವೈದ್ಯನು ಎಲ್ಲವನ್ನೂ ಮೊದಲೇ ತಿಳಿದವನು. ಎರಡನೆಯದರಲ್ಲಿ ಮನುಷ್ಯರಿದ್ದಾರೆ, ನಗೆಯಿದೆ, ಆಕಸ್ಮಿಕವಿದೆ. ಮೆರುಗು ಕೊಟ್ಟ ಪಾಠಕ್ಕಿಂತ ಒರಟಾದ ಪಾಠ ಮೂಲಕ್ಕೆ ಹತ್ತಿರವಿರುವುದು ಹೆಚ್ಚು ಸಂಭವನೀಯ. ಅದು ಹೇಗಾದರೂ ಇರಲಿ, ವೈದ್ಯರು ಎತ್ತಿದ ಆಕ್ಷೇಪಕ್ಕೆ ಎರಡು ಪಾಠಗಳಲ್ಲಿಯೂ ಉತ್ತರವಿಲ್ಲ: ಶ್ರವಣದ ನರವು ಬೆನ್ನುಹುರಿಯ ಹಾದಿಯಲ್ಲಿ ಹೋಗುವುದೇ ಇಲ್ಲ, ಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ.

ಆದರೆ ಪಾಮರನ ಮನಸ್ಸು ಈ ಒಂದು ಘಟನೆಯನ್ನು ಹಿಡಿದು ಧಾವಿಸಿತು. ಮಣಿ ಜರುಗಿದರೆ ನರ ಒತ್ತಿಹೋಗುತ್ತದೆ. ನರ ಒತ್ತಿಹೋದರೆ ಅಂಗಕ್ಕೆ ರೋಗ. 1910ರಲ್ಲಿ ಪ್ರಕಟಿಸಿದ ತನ್ನ ಬೃಹದ್ಗ್ರಂಥದಲ್ಲಿ ಅವನು ರೋಗಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೆ ಜರುಗಿದ ಮಣಿಗಳೇ ಕಾರಣವೆಂದು ಸಾರಿದ. ಒಂದು ಅನುಭವದಿಂದ ಒಂದು ವಿಶ್ವವನ್ನೇ ಕಟ್ಟುವುದು ಕವಿಗೆ ಸಲ್ಲುತ್ತದೆ; ವೈದ್ಯನಿಗೆ ಸಲ್ಲದು. ವಿಚಿತ್ರವೆಂದರೆ, ಎಲ್ಲ ರೋಗಗಳನ್ನೂ ಗುಣಪಡಿಸುವೆನೆಂದು ಹೊರಟ ಈ ಪದ್ಧತಿಯ ಬಾಗಿಲಿಗೆ ಜನ ಮುಖ್ಯವಾಗಿ ತಂದದ್ದು ನೋಯುವ ಬೆನ್ನನ್ನು, ನೋಯುವ ಕತ್ತನ್ನು. ಸಿದ್ಧಾಂತ ಆಕಾಶದ ಕಡೆ ಕೈ ತೋರಿಸುತ್ತಿತ್ತು. ರೋಗಿ ತನ್ನ ಸೊಂಟದ ಕಡೆ ತೋರಿಸುತ್ತಿದ್ದ.

1897ರಲ್ಲಿ ಪಾಮರ್ ಶಾಲೆ ತೆರೆದ. ಅಲ್ಲಿಂದ ಹೊರಬಿದ್ದ ತರುಣರ ಮೊದಲ ಅನುಭವವೆಂದರೆ ರೋಗಿಗಿಂತ ಮುಂಚೆ ಪೊಲೀಸಿನವನು ಬಾಗಿಲು ತಟ್ಟುವುದು. ಪರವಾನಗಿಯಿಲ್ಲದೆ ವೈದ್ಯ ಮಾಡಿದ ಅಪರಾಧಕ್ಕಾಗಿ 1906ರಲ್ಲಿ ಗುರುವೇ ಜೈಲಿಗೆ ಹೋದ. ದಂಡ ಕಟ್ಟಲು ಒಪ್ಪದೆ ಇಪ್ಪತ್ತಮೂರು ದಿನ ಕಳೆದು, ಕೊನೆಗೆ ಕಟ್ಟಿ ಹೊರಬಂದ. ಮಾರನೆಯ ವರ್ಷ, 1907ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಲಾ ಕ್ರಾಸ್ ಎಂಬ ಊರಿನಲ್ಲಿ ಶೆಗಟಾರೊ ಮೊರಿಕುಬೊ ಎಂಬ ಜಪಾನಿ ತರುಣನ ಮೇಲೆ ಮೊಕದ್ದಮೆ ನಡೆಯಿತು. ಪಾಮರನ ಶಾಲೆಯ ಆರಂಭದ ವಿದ್ಯಾರ್ಥಿಗಳಲ್ಲೊಬ್ಬ ಅವನು, ಪರದೇಶದವನು, ವೃತ್ತಿಗೆ ಹೊಸಬ. ಪರವಾನಗಿಯಿಲ್ಲದೆ 'ಆಸ್ಟಿಯೋಪತಿ' ಎಂಬ ಇನ್ನೊಂದು ಮೂಳೆಚಿಕಿತ್ಸೆಯನ್ನು ಮಾಡಿದನೆಂಬುದು ಆರೋಪ. ಅವನ ವಕೀಲ ಟಾಮ್ ಮಾರಿಸ್ ಹೂಡಿದ ವಾದ ಜಾಣತನದ್ದು: ಇದು ಆಸ್ಟಿಯೋಪತಿಯೂ ಅಲ್ಲ, ವೈದ್ಯವೂ ಅಲ್ಲ, ಇದಕ್ಕೆ ತನ್ನದೇ ಶಾಸ್ತ್ರವಿದೆ, ತನ್ನದೇ ತತ್ತ್ವವಿದೆ. ಪಂಚರು ಒಪ್ಪಿದರು; ಮೊರಿಕುಬೊ ಬಿಡುಗಡೆಯಾದ.

ಭಾಷೆಯ ವಿದ್ಯಾರ್ಥಿಗೆ ಈ ತೀರ್ಪಿನ ಫಲ ಬಹಳ ರಸವತ್ತಾಗಿದೆ. ಅಂದಿನಿಂದ ಈ ವೃತ್ತಿಯವರು ಕಾನೂನಿನ ಬಲೆಗೆ ಸಿಗದಂತೆ ತಮ್ಮ ಪದಕೋಶವನ್ನು ಎಚ್ಚರದಿಂದ ಕಾಯ್ದುಕೊಂಡರು. ವೈದ್ಯನು 'ರೋಗನಿರ್ಣಯ' ಮಾಡುತ್ತಾನೆ. ಇವರು ಮಾಡುವುದು 'ವಿಶ್ಲೇಷಣೆ'. ವೈದ್ಯನದು 'ಚಿಕಿತ್ಸೆ', ಇವರದು 'ಹೊಂದಿಸುವಿಕೆ'. ಜೈಲಿನ ಭಯದಿಂದ ಹುಟ್ಟಿದ ಪಾರಿಭಾಷಿಕ ಶಬ್ದಗಳು ಒಂದೆರಡು ತಲೆಮಾರು ಕಳೆಯುವುದರೊಳಗೆ ಪವಿತ್ರಶಬ್ದಗಳಾದವು. ಹೊಸದಾಗಿ ಕಲಿಯಲು ಬಂದ ಹುಡುಗನಿಗೆ ಇವು ವಕೀಲನ ವಾದಗಳೆಂದು ತಿಳಿಯುವುದು ಹೇಗೆ? ಅವನು ಅವನ್ನು ದೇಹದ ನಿಯಮಗಳೆಂದೇ ನಂಬಿದ. ಕಾನ್ಸಾಸ್ ಸಂಸ್ಥಾನ 1913ರಲ್ಲಿ ಮೊದಲು ಈ ವೃತ್ತಿಗೆ ಪರವಾನಗಿಯ ಕಾನೂನು ಮಾಡಿತು; ಲೂಸಿಯಾನ ಕೊನೆಯದು, 1974ರಲ್ಲಿ. ಅರುವತ್ತೊಂದು ವರ್ಷಗಳ ಅಂತರ.

ಪಾಮರನ ಮಗ ಬಾರ್ಟ್ಲೆಟ್ ಜೋಶುವ ತಂದೆಯಿಂದ ಶಾಲೆಯನ್ನು ಪಡೆದುಕೊಂಡು ಅದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದ. ತಂದೆಮಕ್ಕಳ ವೈರ 1913ರಲ್ಲಿ ತಂದೆ ಸಾಯುವವರೆಗೂ ಶಮನವಾಗಲಿಲ್ಲ. ಅದು ಬೇರೆಯೇ ಒಂದು ಕಾದಂಬರಿಗೆ ವಸ್ತು. ಆಕಾಶವಾಣಿಯಲ್ಲಿ ಮಾತನಾಡುವವನು ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಡಲಾಗದು: ಈ ಮಗ 1922ರಲ್ಲಿ ಒಂದು ರೇಡಿಯೋ ನಿಲಯವನ್ನು ಕೊಂಡು ತನ್ನ ಶಾಲೆಯಲ್ಲಿಯೇ ಸ್ಥಾಪಿಸಿದ. ಮುಂದೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ ಉದ್ಘೋಷಕನಾಗಿ ತನ್ನ ಜೀವನವನ್ನು ಆರಂಭಿಸಿದ್ದು ಅಲ್ಲಿಯೇ.

ಕೈಯಿಂದ ಕೀಲು ಸರಿಪಡಿಸುವ ಕಲೆ ಪಾಮರನೊಡನೆ ಹುಟ್ಟಿದುದೇನೂ ಅಲ್ಲ. ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯವಾಗಿ ಮೂಳೆ ಕೂಡಿಸುವವರು ಇದ್ದರು. ನಮ್ಮ ಹಳ್ಳಿಗಳ ಉಳುಕು ತೆಗೆಯುವವರನ್ನು ಬಲ್ಲವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. 1867ರಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ತನ್ನ ವಿದ್ಯಾರ್ಥಿಗಳಿಗೆ ಇವರನ್ನು ಕುರಿತೇ ಒಂದು ಉಪನ್ಯಾಸ ಮಾಡಿದ. ನೀವು ಎಲ್ಲಿ ವೃತ್ತಿ ಆರಂಭಿಸಿದರೂ ಇಂಥವನೊಬ್ಬ ನಿಮಗೆ ಪ್ರತಿಸ್ಪರ್ಧಿಯಾಗಿ ಇದ್ದೇ ಇರುತ್ತಾನೆ. ನಿಮ್ಮಿಂದ ಗುಣವಾಗದ ಒಬ್ಬ ರೋಗಿಯನ್ನು ಅವನು ಗುಣಪಡಿಸಿದರೆ ಅವನ ಭಾಗ್ಯ ತೆರೆಯಿತು, ನಿಮ್ಮದು ಮುಚ್ಚಿತು. ಆದ್ದರಿಂದ ಅವನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನೋಡಿ ಕಲಿಯಿರಿ. ಇದು ಆ ಉಪನ್ಯಾಸದ ತಾತ್ಪರ್ಯ. ತನ್ನ ವಿದ್ಯೆಯಲ್ಲಿ ನೆಲೆನಿಂತ ಪಂಡಿತ ಮಾತ್ರ ಪಾಮರನಿಂದ ಕಲಿಯಿರಿ ಎಂದು ಹೇಳಬಲ್ಲ. ಆ ಉದಾರತೆ ಅಮೆರಿಕದ ವೈದ್ಯರಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈಗ ಶಾಲೆ ಮುಗಿಸಿ ಹೊಸದಾಗಿ ಬಾಗಿಲು ತೆರೆದ ತರುಣನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅವನಿಗೆ ಮೊದಲು ಸಿಗುವ ರೋಗಿಗಳು ಹೊಸ ನೋವಿನವರು. ಭಾರ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಬೆಳಿಗ್ಗೆ ಏಳುವಾಗ ಉಳುಕಿತು. ಅವನು ಅವರನ್ನು ಮೇಜಿನ ಮೇಲೆ ಮಲಗಿಸಿ, ಕೀಲನ್ನು ಅದರ ಚಲನೆಯ ಅಂಚಿಗೆ ಒಯ್ದು, ಚುರುಕಾಗಿ ಒಂದು ಸಣ್ಣ ಒತ್ತು ಕೊಡುತ್ತಾನೆ. 'ಲಟ್' ಎಂದು ಸದ್ದಾಗುತ್ತದೆ. ರೋಗಿಗೆ ಸಮಾಧಾನ, ವೈದ್ಯನಿಗೆ ಆತ್ಮವಿಶ್ವಾಸ. ಆ ಸದ್ದು ಮೂಳೆ ಸ್ವಸ್ಥಾನಕ್ಕೆ ಮರಳಿದ ಸದ್ದೆಂದು ಇಬ್ಬರೂ ನಂಬುತ್ತಾರೆ. ವಾಸ್ತವದಲ್ಲಿ ಅದು ನಾವು ಬೆರಳ ನೆಟಿಕೆ ಮುರಿದಾಗ ಬರುವ ಸದ್ದಿನ ಜಾತಿಯದೇ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದಾಗ ಅನಿಲದ ಪೊಳ್ಳು ಏರ್ಪಡುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 2015ರಲ್ಲಿ ಬೆರಳ ಕೀಲನ್ನು ಎಂ.ಆರ್.ಐ. ಯಂತ್ರದೊಳಗೆ ಎಳೆದು ಇದನ್ನು ಚಿತ್ರಸಹಿತ ತೋರಿಸಿದರು. ಎಲ್ಲಿಂದಲೂ ಯಾವ ಮೂಳೆಯೂ ಎಲ್ಲಿಗೂ ಹೋಗಿ ಕೂರುವುದಿಲ್ಲ.

ಹೊಸ ನೋವಿನವರಲ್ಲಿ ಬಹುಮಂದಿ ಕೆಲವು ವಾರಗಳಲ್ಲಿ ಗುಣ ಕಾಣುತ್ತಾರೆ. ಯಾರೂ ಮುಟ್ಟದಿದ್ದರೂ ಕಾಣುತ್ತಿದ್ದರು. ಇದು ಪ್ರಕೃತಿಯ ಕೆಲಸ. ಕೀರ್ತಿ ಮಾತ್ರ ಆಗ ಹತ್ತಿರದಲ್ಲಿದ್ದವನಿಗೆ. ಅದರ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಮನುಷ್ಯನು ವೈದ್ಯನನ್ನು ಹುಡುಕಿಕೊಂಡು ಹೋಗುವುದು ನೋವು ಪರಾಕಾಷ್ಠೆಗೆ ಏರಿದ ದಿನ. ಪರಾಕಾಷ್ಠೆಗೆ ಏರಿದ್ದು ಮುಂದೆ ಇಳಿಯಲೇಬೇಕಷ್ಟೆ. ತರುಣ ವೈದ್ಯನ ಮೊದಲ ಆರು ತಿಂಗಳುಗಳು ಹೀಗೆ ಜಯಭೇರಿಯಲ್ಲಿ ಕಳೆಯುತ್ತವೆ. ಅವನ ಅಹಂಕಾರವನ್ನು ಮುರಿಯಲು ಬೇರೊಂದು ಬಗೆಯ ರೋಗಿ ಬರಬೇಕು.

ಆ ರೋಗಿಯ ಕಂಕುಳಲ್ಲಿ ದೊಡ್ಡ ಲಕೋಟೆ. ಅದರಲ್ಲಿ ಕ್ಷಕಿರಣದ ಚಿತ್ರಗಳು, ಹಳೆಯ ವೈದ್ಯರ ಚೀಟಿಗಳು. ಹನ್ನೆರಡು ವಾರಗಳನ್ನು ಮೀರಿದ ನೋವನ್ನು ದೀರ್ಘಕಾಲದ ನೋವೆಂದು ಶಾಸ್ತ್ರ ಕರೆಯುತ್ತದೆ. ಇವನದು ಹನ್ನೆರಡು ವರ್ಷದ್ದಿರಬಹುದು. ಒತ್ತಿದರೆ ಎರಡು ದಿನ ಹಗುರ. ಮೂರನೆಯ ದಿನ ಯಥಾಪ್ರಕಾರ. ಮತ್ತೆ ಬರುತ್ತಾನೆ, ಮತ್ತೆ ಒತ್ತುತ್ತಾನೆ. ಇಲ್ಲಿ ವೈದ್ಯನ ಮುಂದೆ ಎರಡು ದಾರಿಗಳು ಕವಲೊಡೆಯುತ್ತವೆ. ವಾರಕ್ಕೆರಡು ಸಲದಂತೆ ಆಜೀವ ಬರಲಿ ಎಂದು ಲೆಕ್ಕದ ಪುಸ್ತಕ ತೆರೆಯುವುದು ಒಂದು. ಅದು ಸುಲಭದ್ದು, ಲಾಭದ್ದು, ಮತ್ತು ಬಹು ಜನ ಹಿಡಿದದ್ದು. ನನ್ನ ಕೈ ಮಾಡುತ್ತಿರುವುದೇನು ಎಂದು ಕೇಳಿಕೊಳ್ಳುವುದು ಇನ್ನೊಂದು.

ಹಾಗೆ ಕೇಳಿಕೊಂಡವನಿಗೆ ಮೊದಲು ಎದುರಾಗುವುದು ಆ ಲಕೋಟೆಯೊಳಗಿನ ಚಿತ್ರ. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಬೆನ್ನುಮಣಿಗಳ ನಡುವಣ ಬಿಲ್ಲೆ, ಅಂದರೆ ಡಿಸ್ಕ್, ಬಿರಿದು ನರವನ್ನು ಒತ್ತಬಹುದೆಂದು ತೋರಿಸಿಕೊಟ್ಟರು. ಅದು ಸತ್ಯವಾದ ಸಂಶೋಧನೆ. ಆದರೆ ಆಮೇಲೆ ಪ್ರತಿಯೊಂದು ಬೆನ್ನುನೋವಿಗೂ ಡಿಸ್ಕೇ ಅಪರಾಧಿಯಾಯಿತು. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದರು. ಎಲ್ಲ ಡಿಸ್ಕುಗಳೂ ಸರಿಯಾಗಿ ಕಂಡದ್ದು ನೂರಕ್ಕೆ 36 ಜನರಲ್ಲಿ ಮಾತ್ರ. ಅರ್ಧಕ್ಕಿಂತ ಹೆಚ್ಚಿನವರಲ್ಲಿ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ನೋವಿಲ್ಲದವನ ಬೆನ್ನಿನಲ್ಲಿಯೂ ಇರುವ ಉಬ್ಬನ್ನು ನೋವಿರುವವನಿಗೆ ತೋರಿಸಿ, 'ಇದೇ ನೋಡು ನಿನ್ನ ವೈರಿ' ಎಂದರೆ ಅವನ ಗತಿಯೇನು? ಅಂದಿನಿಂದ ಅವನು ಬಗ್ಗುವುದಿಲ್ಲ, ಬಿಂದಿಗೆ ಎತ್ತುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳುವುದಿಲ್ಲ. ತಲೆಯ ಬೂದಿಬಣ್ಣದ ಕೂದಲನ್ನು ಕಂಡು ಯಾರೂ ಶಸ್ತ್ರಚಿಕಿತ್ಸೆಗೆ ಓಡುವುದಿಲ್ಲ. ಬೆನ್ನಿನೊಳಗಿನ ನರೆಯನ್ನು ಕಂಡು ಓಡುತ್ತೇವೆ.

ಗ್ಲಾಸ್ಗೋದಲ್ಲಿ ಕೆಲಸ ಮಾಡಿದ ಮೂಳೆವೈದ್ಯ ಗಾರ್ಡನ್ ವಾಡೆಲ್ 1987ರಲ್ಲಿ ಬರೆದ ಲೇಖನವೊಂದು ಈ ವಿಷಯದ ದಿಕ್ಕನ್ನೇ ಬದಲಿಸಿತು. ದೀರ್ಘಕಾಲದ ಬೆನ್ನುನೋವು ಬರಿಯ ಮೂಳೆಯ ಸಮಾಚಾರವಲ್ಲ. ನೋಯುವವನ ಭಯ, ಅವನ ನಂಬಿಕೆ, ಅವನ ಕೆಲಸ, ಅವನ ಮನೆ ಎಲ್ಲವೂ ಅದರಲ್ಲಿ ಹೆಣೆದುಕೊಂಡಿರುತ್ತವೆ ಎಂಬುದು ಅವನ ಪ್ರತಿಪಾದನೆ. ಇದನ್ನು ಕೇಳಿ, 'ಹಾಗಾದರೆ ನೋವು ಮನಸ್ಸಿನ ಭ್ರಮೆಯೋ?' ಎಂದು ರೇಗುವವರುಂಟು. ಭ್ರಮೆಯಲ್ಲ, ನೋವು ನಿಜವೇ. ಗಾಯ ಮಾಯ್ದ ಮೇಲೂ ನರಮಂಡಲವು ಹಳೆಯ ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತಲೇ ಇರಬಲ್ಲದು. ಭಯವು ಆ ಗಂಟೆಯ ಹಗ್ಗವನ್ನು ಇನ್ನೂ ಜಗ್ಗುತ್ತದೆ. ಹಾಸಿಗೆ ಹಿಡಿದು ಮಲಗಿದರಂತೂ ಕೆಟ್ಟಿತು. 1986ರಲ್ಲಿ ರಿಚರ್ಡ್ ಡೆಯೊ ಮತ್ತು ಅವನ ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿ ನೋಡಿದರು. ಎರಡು ದಿನದವರು ಏಳು ದಿನದವರಷ್ಟೇ ಗುಣ ಕಂಡರು. ಕೆಲಸಕ್ಕೆ ಮಾತ್ರ ಬೇಗ ಮರಳಿದರು.

ಹಾಗಾದರೆ ಕೈಗೆ ಉಳಿದ ಕೆಲಸವೇನು? ಇದಕ್ಕೆ ಉತ್ತರ ಹುಡುಕಲು ಮೊದಲು ಪಂಡಿತ ಪಾಮರರು ಒಂದೇ ಕೋಣೆಯಲ್ಲಿ ಕೂರಬೇಕಾಗಿತ್ತು. ಅಮೆರಿಕದ ವೈದ್ಯಕೀಯ ಸಂಘವು 1963ರಲ್ಲಿ ನಕಲಿವೈದ್ಯದ ವಿರುದ್ಧ ಸಮಿತಿಯೊಂದನ್ನು ರಚಿಸಿ, ಈ ವೃತ್ತಿಯನ್ನು ನಿರ್ಮೂಲ ಮಾಡಲು ಹೊರಟಿತು. ಕೈರೊಪ್ರ್ಯಾಕ್ಟರನೊಡನೆ ವೃತ್ತಿಸಂಬಂಧ ಇಟ್ಟುಕೊಳ್ಳುವುದು ವೈದ್ಯನಿಗೆ ಧರ್ಮಬಾಹಿರವೆಂದಾಯಿತು. 1976ರಲ್ಲಿ ಚೆಸ್ಟರ್ ವಿಲ್ಕ್ ಮತ್ತು ನಾಲ್ವರು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆಂಡಾನರ್ ಸಂಘವು ಕಾನೂನುಬಾಹಿರ ಬಹಿಷ್ಕಾರವನ್ನು ಹೂಡಿತ್ತೆಂದು ತೀರ್ಪಿತ್ತರು. ಈ ಪದ್ಧತಿ ವೈಜ್ಞಾನಿಕವೆಂದು ಅವರು ಹೇಳಲಿಲ್ಲ. ಅದನ್ನು ಹೇಳುವ ಕೆಲಸ ನ್ಯಾಯಾಲಯದ್ದಲ್ಲವೆಂಬ ವಿವೇಕ ಅವರಿಗಿತ್ತು. ಬಹಿಷ್ಕಾರದ ಕಾಲದಲ್ಲಿ ಆದ ನಷ್ಟ ಎರಡೂ ಕಡೆಯವರಿಗಿಂತ ರೋಗಿಗೇ ಹೆಚ್ಚು. ತರುಣ ಕೈರೊಪ್ರ್ಯಾಕ್ಟರನೊಬ್ಬ ತನ್ನ ರೋಗಿಯ ಬೆನ್ನಿನಲ್ಲಿ ಏನೋ ಘೋರವಾದುದಿದೆ ಎಂದು ಶಂಕಿಸಿದರೆ, ಅವನ ಕಾಗದವನ್ನು ಓದಿ ಉತ್ತರಿಸುವ ವೈದ್ಯನೇ ಊರಿನಲ್ಲಿ ಇರುತ್ತಿರಲಿಲ್ಲ.

ಪರೀಕ್ಷೆಗಳು ಕ್ರಮವಾಗಿ ನಡೆದದ್ದು ಆ ಗೋಡೆ ಬಿದ್ದ ಮೇಲೆ. 1998ರಲ್ಲಿ ಸಿಯಾಟಲ್ ನಗರದಲ್ಲಿ ಡೇನಿಯಲ್ ಚರ್ಕಿನ್ ಮೊದಲಾದವರು ಮಾಡಿದ ಪ್ರಯೋಗ ನನ್ನಂಥ ಪುಸ್ತಕದ ಮನುಷ್ಯನಿಗೆ ವಿಶೇಷ ಕುತೂಹಲದ್ದು. ಸೊಂಟನೋವಿನ 321 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕೈರೊಪ್ರ್ಯಾಕ್ಟರನ ಕೈ, ಇನ್ನೊಂದಕ್ಕೆ ವ್ಯಾಯಾಮ ಚಿಕಿತ್ಸೆ, ಮೂರನೆಯದಕ್ಕೆ ಒಂದು ಕಿರುಪುಸ್ತಕ ಮಾತ್ರ ಕೊಟ್ಟರು. ಇವರಲ್ಲಿ ಹೆಚ್ಚಿನವರದು ವರ್ಷಗಟ್ಟಲೆಯ ನೋವಲ್ಲ ಎಂಬುದನ್ನು ನೆನಪಿಡಬೇಕು. ಕೈಯ ಗುಂಪಿಗೂ ವ್ಯಾಯಾಮದ ಗುಂಪಿಗೂ ಹೆಚ್ಚಿನ ಭೇದವಿರಲಿಲ್ಲ. ಪುಸ್ತಕದ ಗುಂಪು ಅವರಿಗಿಂತ ಸ್ವಲ್ಪ ಹಿಂದೆ ಬಿತ್ತು, ಅಷ್ಟೆ. ಎರಡು ವರ್ಷಗಳ ಖರ್ಚನ್ನು ಲೆಕ್ಕಹಾಕಿದರೆ ಕೈಗೆ ತಲಾ 429 ಡಾಲರು, ವ್ಯಾಯಾಮಕ್ಕೆ 437, ಪುಸ್ತಕಕ್ಕೆ 153. ಆದರೆ ಸಿಕ್ಕ ಆರೈಕೆ ಬಹಳ ಚೆನ್ನಾಗಿತ್ತೆಂದು ಹೇಳಿದವರು ಮೊದಲೆರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು 75; ಪುಸ್ತಕದ ಗುಂಪಿನಲ್ಲಿ ಸುಮಾರು 30. ಪುಸ್ತಕ ಅಗ್ಗವಾಗಿತ್ತು, ಸರಿಯಾದುದನ್ನೇ ಹೇಳುತ್ತಿತ್ತು. ಆದರೂ ಪುಸ್ತಕ ಬೆನ್ನು ಮುಟ್ಟುವುದಿಲ್ಲ, 'ಎಲ್ಲಿ ನೋವು?' ಎಂದು ಕೇಳುವುದಿಲ್ಲ. ಇದೇ ಚರ್ಕಿನ್ 1989ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕೈರೊಪ್ರ್ಯಾಕ್ಟರರ ಬಳಿಗೆ ಹೋದವರಲ್ಲಿ ಪೂರ್ಣ ತೃಪ್ತರಾದವರ ಪ್ರಮಾಣ ಕುಟುಂಬವೈದ್ಯರ ಬಳಿಗೆ ಹೋದವರದಕ್ಕಿಂತ ಮೂರು ಪಟ್ಟಿತ್ತು. ಅವರು ನೋವನ್ನು ನಂಬಿದರು, ಬಿಡಿಸಿ ಹೇಳಿದರು ಎಂಬುದು ರೋಗಿಗಳು ಕೊಟ್ಟ ಕಾರಣಗಳಲ್ಲಿ ಸೇರಿತ್ತು.

ದೀರ್ಘಕಾಲದ ನೋವಿಗೇ ಸಂಬಂಧಿಸಿದ 47 ಪ್ರಯೋಗಗಳನ್ನು, ಒಟ್ಟು 9,211 ರೋಗಿಗಳನ್ನು, 2019ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ ಬಂದ ಫಲಿತಾಂಶ ಇಷ್ಟು: ಕೈಯಿಂದ ಒತ್ತುವ ಚಿಕಿತ್ಸೆ ವ್ಯಾಯಾಮವೇ ಮೊದಲಾದ ಒಪ್ಪಿತ ಚಿಕಿತ್ಸೆಗಳಷ್ಟೇ ಫಲಕಾರಿ, ಅವಕ್ಕಿಂತ ಹೆಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ, ವ್ಯಾಯಾಮ ಮತ್ತು ತಿಳಿವಳಿಕೆ ನೀಡುವುದರ ಜೊತೆಯಲ್ಲಿ, ಷರತ್ತಿನ ಸಮ್ಮತಿಯಿದೆ. ಸೊಂಟದ ಪಟ್ಟಿಗೆ, ತೂಕ ಕಟ್ಟಿ ಎಳೆಯುವುದಕ್ಕೆ, ಅಫೀಮಿನ ಜಾತಿಯ ಮಾತ್ರೆಗಳಿಗೆ ಸಮ್ಮತಿಯಿಲ್ಲ. ನೂರಕ್ಕೆ ತೊಂಬತ್ತೈದು ರೋಗಗಳೆಂದು ಹೊರಟ ಪಾಮರನ ಸಾಮ್ರಾಜ್ಯ ಕುಗ್ಗಿ ಇಷ್ಟಾಯಿತು. ಇಷ್ಟಾದರೂ ಉಳಿಯಿತಲ್ಲ ಎಂದು ನನಗೆ ಸಂತೋಷವೇ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನ ಸೊಂಟನೋವಿನಿಂದ ನರಳುತ್ತಿದ್ದರೆಂದು ಅಂದಾಜು. ಅಷ್ಟು ಬೆನ್ನುಗಳಿಗೆ ಸಣ್ಣ ಉಪಕಾರವೂ ಸಣ್ಣದಲ್ಲ.

ಇದನ್ನೆಲ್ಲ ಅರಗಿಸಿಕೊಂಡ ತರುಣ ವೈದ್ಯನ ಕೋಣೆ ಕ್ರಮೇಣ ಬದಲಾಗುತ್ತದೆ. ಮೇಜು ಅಲ್ಲಿಯೇ ಇರುತ್ತದೆ. ಆದರೆ ರೋಗಿ ಅದರ ಮೇಲೆ ಮಲಗುವ ಹೊತ್ತು ಕಡಿಮೆ, ಎದ್ದು ನಿಲ್ಲುವ ಹೊತ್ತು ಹೆಚ್ಚು. ಒತ್ತಿದ ಮೇಲೆ ನೋವು ಹಗುರವಾಗುವ ಆ ಒಂದೆರಡು ದಿನಗಳನ್ನು ವೈದ್ಯನು ಗುಣವೆಂದು ಬಗೆಯದೆ ಅವಕಾಶವೆಂದು ಬಗೆಯುತ್ತಾನೆ. ಆ ಅವಕಾಶದಲ್ಲಿ ರೋಗಿಯನ್ನು ಬಗ್ಗಿಸುತ್ತಾನೆ, ನಡೆಸುತ್ತಾನೆ, ಖಾಲಿ ಬಕೆಟ್ಟನ್ನು ಎತ್ತಿಸುತ್ತಾನೆ, ಆಮೇಲೆ ಅರ್ಧ ತುಂಬಿದ್ದನ್ನು. ಹನ್ನೆರಡು ವರ್ಷದಿಂದ ಬಗ್ಗದವನು ಬಗ್ಗಿ ನೆಲವನ್ನು ಮುಟ್ಟಿ, ಏನೂ ಮುರಿಯಲಿಲ್ಲವೆಂದು ಕಂಡುಕೊಳ್ಳುವ ಕ್ಷಣದಲ್ಲಿ ಲಟ್ಟೆನ್ನುವ ಸದ್ದೇನೂ ಆಗುವುದಿಲ್ಲ. ನೋವು ಪೂರ್ತಿ ಹೋಗದೆಯೂ ಇರಬಹುದು. ಮೊಮ್ಮಗು ಮಾತ್ರ ತೋಳಿಗೆ ಮರಳುತ್ತದೆ.

ಶ್ರೋತೃಗಳಲ್ಲಿ ಬೆನ್ನುನೋವಿನವರು ಹಲವರಿರಬಹುದಾದ್ದರಿಂದ ಒಂದು ಮಾತನ್ನು ಕೊನೆಗೆ ಬಿಡಿಸಿಯೇ ಹೇಳಬೇಕು. ಬೆನ್ನುನೋವಿನೊಡನೆ ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಕಾಲು ಸೋಲುತ್ತಾ ಬರುವುದು, ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ವಯಸ್ಸಾದವರು ಬಿದ್ದ ಮೇಲೆ ಬಂದ ನೋವು: ಇವುಗಳಲ್ಲಿ ಒಂದು ಇದ್ದರೂ ಯಾರ ಕೈಗೂ ಬೆನ್ನನ್ನು ಒಪ್ಪಿಸದೆ ಮೊದಲು ಆಸ್ಪತ್ರೆಗೆ ಹೋಗಬೇಕು, ಮೊದಲ ಮೂರಕ್ಕಂತೂ ಆ ದಿನವೇ. ಕತ್ತನ್ನು ಥಟ್ಟನೆ ತಿರುಗಿಸುವ ಚಿಕಿತ್ಸೆಯ ಬೆನ್ನಿಗೇ, ಅಪರೂಪವಾಗಿಯಾದರೂ, ಮಿದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ಬಡಿದ ಪ್ರಸಂಗಗಳು ವರದಿಯಾಗಿವೆ. ಕ್ಷೌರದ ಕುರ್ಚಿಯಲ್ಲಿ ಕತ್ತು ಮುರಿಸಿಕೊಳ್ಳುವ ಅಭ್ಯಾಸವಿರುವವರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.